ಗೋಡೆಗೆ ನೀರು ಕೊಡುವ ಊರು

ಕೆರೆಯ ಏರಿಯ ಕೆಳಗೆ ಒಂದು ಊರಿತ್ತು. ಊರಿಗಿಂತ ನೀರು ಎತ್ತರದಲ್ಲಿತ್ತು. ಅಲ್ಲಿಯ ಜನ ಪಡಸಾಲೆಯಲ್ಲಿ ಕೂತು ಊಟ ಮಾಡುವಾಗ ಅವರ ತಲೆಗಿಂತ ಮೇಲೆ ಮೀನುಗಳು ಓಡಾಡುತ್ತಿದ್ದವು ಎಂದರೆ ನೀವು ನಗಬಹುದು. ಏರಿಯ ಮೇಲೆ ನಿಂತು ನೋಡಿದ್ದರೆ ನಗುತ್ತಿರಲಿಲ್ಲ. ಆ ಊರಿನ ಗೋಡೆಗಳು ಬೇಸಿಗೆಯಲ್ಲೂ ಒಣಗಿದ್ದಿಲ್ಲ. ಕೈಯಿಟ್ಟರೆ ಕೈಗೆ ತಂಪು ಹತ್ತುತ್ತಿತ್ತು, ಬೆನ್ನು ಒರಗಿಸಿದರೆ ಅಂಗಿಗೆ ಕಲೆ ಹತ್ತುತ್ತಿತ್ತು.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ಸತ್ತರೆ, ಅವರು ಉಸಿರು ಬಿಟ್ಟ ಕೋಣೆಯ ಕಿಟಕಿಯನ್ನು ಆ ಕೂಡಲೇ ಮುಚ್ಚಬೇಕು, ಸಂದಿಗೆ ಮಣ್ಣು ಮೆತ್ತಬೇಕು, ಮತ್ತೆಂದೂ ತೆರೆಯಬಾರದು. ದೇಹವನ್ನು ಊರು ಹೊತ್ತುಕೊಂಡು ಹೋಗುತ್ತದೆ. ಉಸಿರು ಮಾತ್ರ ಮನೆಯದು, ಅದನ್ನು ಗಾಳಿಪಾಲು ಮಾಡಬಾರದು. ಒಳಗೇ ಉಳಿದ ಉಸಿರು ಹೋಗಿ ಗೋಡೆಯಲ್ಲಿ ಕೂರುತ್ತದೆ ಎಂದು ಅವರು ನಂಬಿದ್ದರು. ನಂಬದೇ ಇರುವುದೂ ಕಷ್ಟವಿತ್ತು. ಯಾಕೆಂದರೆ ಸ್ವಲ್ಪ ಕಾಲ ಕಳೆಯುತ್ತಲೇ ಆ ಗೋಡೆಯ ಮೇಲೆ ಮೊದಲು ಬೂದಿಬಣ್ಣದ, ಆಮೇಲೆ ಹಸಿರು, ಆಮೇಲೆ ಕಪ್ಪು ಚುಕ್ಕೆಗಳು ಏಳುತ್ತಿದ್ದವು. ಬೇರೆ ಊರಿನವರು ಅದನ್ನು ಬೂಷ್ಟು ಎನ್ನುತ್ತಾರೆ. ಈ ಊರಿನವರು ‘ಬಂದರು’ ಎನ್ನುತ್ತಿದ್ದರು. ‘ನಮ್ಮಪ್ಪ ಬಂದ್ರು’ ಎಂದು ಬೀದಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಸತ್ತವರು ಬರದ ಮನೆಯವರು ಮುಖ ಎತ್ತಿ ತಿರುಗುವ ಹಾಗಿರಲಿಲ್ಲ.

ಬಂದವರಿಗೆ ಬಾಯಾರುತ್ತದಲ್ಲ. ಅದಕ್ಕಾಗಿ ಪ್ರತಿ ಸಂಜೆ ಮನೆಯ ಹಿರಿಯರು ಕೆರೆಯ ನೀರನ್ನು ಚೊಂಬಿನಲ್ಲಿ ತಂದು, ಬಟ್ಟೆ ಅದ್ದಿ, ಗೋಡೆಗೆ ಒತ್ತಬೇಕು. ಉಜ್ಜಬಾರದು, ಒತ್ತಬೇಕು. ಜ್ವರ ಬಂದ ಮಗುವಿನ ಹಣೆಗೆ ಒತ್ತುತ್ತಾರಲ್ಲ, ಹಾಗೆ. ಇಡೀ ಊರು ಒಂದೇ ಹೊತ್ತಿನಲ್ಲಿ ಬಟ್ಟೆ ಹಿಂಡುವ ಸದ್ದು ಏರಿಯವರೆಗೂ ಕೇಳುತ್ತಿತ್ತು.

ಹೆಸರಿನದೂ ಒಂದು ಕಟ್ಟಳೆ. ಹೆಸರು ಗೋಡೆಗೆ ಮೀಸಲು. ಮಗು ಹುಟ್ಟಿದಾಗ ಮನೆಯ ಹಿರಿಯಳು ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹಡೆದವಳಿಗೂ ಅದು ತಿಳಿಯದು; ಹಿರಿಯಳು ಸಾಯುವ ಮುನ್ನ ಮುಂದಿನ ಹಿರಿಯಳ ಕಿವಿಗೆ ಒಪ್ಪಿಸಿ ಹೋಗುತ್ತಾಳೆ. ಬದುಕಿರುವಷ್ಟು ದಿನ ಎಲ್ಲರೂ ಬರೀ ಅತ್ತೆ, ಬರೀ ಸೊಸೆ, ಬರೀ ಮೂಲೆಮನೆಯವನು. ಸತ್ತ ದಿನ ಮಾತ್ರ ಆ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಅಲ್ಲಿಂದ ಮುಂದೆ ದಿನವೂ ಹೇಳುತ್ತಾರೆ.

ಹೇಳಿಸಿಕೊಳ್ಳುವುದಕ್ಕೆ ಒಬ್ಬನಿದ್ದ. ಅವನನ್ನು ಕೇಳುವವನು ಎಂದು ಕರೆಯುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಕೋಲು ಊರುತ್ತ ಬೀದಿಗಿಳಿದು, ಒಂದೊಂದು ಮನೆಯ ಮುಚ್ಚಿದ ಕಿಟಕಿಯ ಎದುರೂ ನಿಂತು ಕೇಳುತ್ತಿದ್ದ. “ಮನೇಲಿ ಯಾರಿದ್ದಾರೆ?”

ಒಳಗಿನಿಂದ ಹಿರಿಯರು ಗೋಡೆಯಲ್ಲಿರುವವರ ಹೆಸರು ಹೇಳುತ್ತಿದ್ದರು. ಉಸಿರಾಡುವವರನ್ನು ಎಣಿಸುವ ವಾಡಿಕೆ ಇರಲಿಲ್ಲ. ಅವರು ಹೇಗೂ ಇದ್ದರು.

“ಇರಲಿ,” ಎಂದು ಹೇಳಿ ಅವನು ಮುಂದಿನ ಮನೆಗೆ ಹೋಗುತ್ತಿದ್ದ.

ಏರಿಗೆ ಬೆನ್ನು ಕೊಟ್ಟಂತಿದ್ದ ಒಂದು ಮನೆಯಲ್ಲಿ ಅತ್ತೆ, ಸೊಸೆ, ಒಂದು ಹೆಣ್ಣುಮಗು ಇದ್ದರು. ಅತ್ತೆ ಆ ಮನೆಗೆ ಬಂದ ಮೊದಮೊದಲಲ್ಲೇ ಅವಳ ಗಂಡ ತೀರಿಕೊಂಡಿದ್ದ. ಮಲಗುವ ಕೋಣೆಯ ಕಿಟಕಿ ಆಗ ಮುಚ್ಚಿದ್ದು. ಅವಳ ಮಗ ಆ ಗೋಡೆಯ ಬುಡದಲ್ಲೇ ಮಲಗಿ, ಅಲ್ಲೇ ಬೆಳೆದು, ಅಲ್ಲಿಗೇ ಮದುವೆ ಮಾಡಿಕೊಂಡು ಹೆಂಡತಿಯನ್ನು ತಂದ. ಮಗು ಮೊಲೆ ಬಿಡುವ ಮೊದಲೇ ಅವನೂ ಹೋದ. ಈ ಸಲ ಮುಚ್ಚಲು ಕಿಟಕಿಯೇ ಉಳಿದಿರಲಿಲ್ಲ.

ಆ ಸಂಜೆ ಕೇಳುವವನು ಬಂದು ಕೇಳಿದಾಗ ಅತ್ತೆ ಹೇಳಿದಳು. “ಹಾಲಪ್ಪ ಇದ್ದಾರೆ. ತಿಪ್ಪೇಶ ಇದ್ದಾನೆ.”

ತಿಪ್ಪೇಶ ಎಂದರೆ ಯಾರು ಎಂದು ಸೊಸೆ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಗೊತ್ತಾಗಿ, ಅಳು ಅಲ್ಲಿಯವರೆಗೆ ಬಾರದಿದ್ದದ್ದು ಆಗ ಬಂತು. ಇಷ್ಟು ಒಳ್ಳೆಯ ಹೆಸರನ್ನು ಕರೆಯಲು ಕೊಡದೆ ಇಟ್ಟುಕೊಂಡಿದ್ದರಲ್ಲ ಎಂದು ಅತ್ತಳು.

ತಿಪ್ಪೇಶ ಬೇಗ ಬಂದ. ಕೇಳುವವನು ದೀಪ ಹಿಡಿದು ಗೋಡೆ ನೋಡಿ, “ಇದು ಹುಬ್ಬು, ಇದು ಕಿವಿ, ಇನ್ನೇನು ಗಲ್ಲ ಮೂಡ್ತದೆ,” ಎಂದ. ಅತ್ತೆ ಆ ಹುಬ್ಬಿಗೆ ದಿನವೂ ಬಟ್ಟೆ ಒತ್ತಿದಳು. ಸೊಸೆಯೂ ಯಾರೂ ಇಲ್ಲದಾಗ ಆ ಕಿವಿಯ ಹತ್ತಿರ ಬಾಯಿಟ್ಟು ಮಗು ನಡೆಯಿತು, ಮಗು ಮಾತಾಡಿತು ಎಂದು ಹೇಳಿದ್ದುಂಟು. ಸುಳ್ಳಾಡಬಾರದು, ಅವಳಿಗೂ ಅದರಿಂದ ಸಮಾಧಾನವಿತ್ತು.

ಆದರೆ ಮಗು ಕೆಮ್ಮತೊಡಗಿತು.

ಮೊದಲು ಬೆಳಗಿನ ಹೊತ್ತು ಕೆಮ್ಮುತ್ತಿತ್ತು, ಆಮೇಲೆ ಹೊತ್ತು ಗೊತ್ತು ಇಲ್ಲದೆ. ಓಡಿದರೆ ಕೆಮ್ಮು, ನಕ್ಕರೆ ಕೆಮ್ಮು. ಮಲಗಿದಾಗ ಎದೆಯೊಳಗೆ ಬೆಕ್ಕಿನ ಮರಿ ಕೂತ ಹಾಗೆ ಗೊರಗೊರ ಸದ್ದು. ಉಸಿರು ಎಳೆಯುವಾಗ ಪಕ್ಕೆಯ ಎಲುಬುಗಳು ಒಂದೊಂದಾಗಿ ಕಾಣುತ್ತಿದ್ದವು. ಸೊಸೆ ಆ ಎಲುಬುಗಳನ್ನು ನೋಡುತ್ತ ಕೂರುತ್ತಿದ್ದಳು. ಎದೆ ಇಳಿದದ್ದು ಮತ್ತೆ ಏಳುತ್ತದೋ ಇಲ್ಲವೋ ಎಂದು ಕಾಯುವುದೇ ಅವಳ ಕೆಲಸವಾಯಿತು. ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೇಳುವವನನ್ನು ಕರೆಸಿದರು. ಅವನು ಮಗುವನ್ನು ನೋಡಲಿಲ್ಲ, ಗೋಡೆಯನ್ನು ನೋಡಿದ. ಕಪ್ಪು ಚುಕ್ಕೆಗಳು ಮಗುವಿನ ಹಾಸಿಗೆಯ ತಲೆದಿಂಬಿನವರೆಗೂ ಇಳಿದಿದ್ದವು.

“ಅಪ್ಪ ಕರೀತಿದ್ದಾನೆ,” ಎಂದ. “ಮಗಳ ಜೊತೆ ಆಡಬೇಕು ಅಂತ ಆಸೆ. ಬಾಯಾರಿ ಕರೀತಿರೋದು. ನೀರು ಜಾಸ್ತಿ ಮಾಡಿ. ಮಗು ಗೋಡೆಗೆ ಇನ್ನೂ ಹತ್ತಿರ ಮಲಗಲಿ.”

ಅವನು ಕೆಟ್ಟವನಲ್ಲ. ಅವನ ಅಪ್ಪನೂ ಹೀಗೇ ಹೇಳುತ್ತಿದ್ದ, ಅಜ್ಜನೂ ಹೀಗೇ ಹೇಳುತ್ತಿದ್ದ, ಆ ಇಬ್ಬರೂ ಅವನ ಗೋಡೆಯಲ್ಲಿದ್ದರು. ಅವನಿಗೂ ಒಳ್ಳೆಯ ಕೆಮ್ಮಿತ್ತು.

ಅತ್ತೆ ಒಂದು ಚೊಂಬಿನ ಬದಲು ಒಂದು ಕೊಡ ತಂದಳು.

ಊರಿನ ಕೊನೆಯಲ್ಲಿ ಬಯಲುಮನೆ ಎಂಬ ಮನೆಯಿತ್ತು. ಅಲ್ಲಿ ಒಬ್ಬ ಹೆಂಗಸು ತನ್ನ ಮಕ್ಕಳೊಂದಿಗೆ ಇದ್ದಳು. ಒಂದು ಗಾಳಿಯ ದಿನ ಗೆದ್ದಲು ತಿಂದಿದ್ದ ಕಿಟಕಿಯ ಬಾಗಿಲು ಚೌಕಟ್ಟು ಸಮೇತ ಉದುರಿಬಿದ್ದಿತ್ತು. ಹೊಸದನ್ನು ಹಾಕಿಸಲು ಅವಳಿಂದ ಆಗಲಿಲ್ಲ. ಅವಳ ಮನೆಯ ಹಿರಿಯರೆಲ್ಲ ಆ ತೂತಿನಿಂದ ಹೊರಟುಹೋದರು ಎಂದು ಊರು ಹೇಳಿತು. ಗೋಡೆ ಒಣಗಿ ಬಿಳಿಚಿಕೊಂಡಿತು. ಕೇಳುವವನು ಅವಳ ಮನೆಯ ಎದುರು ನಿಲ್ಲುವುದನ್ನು ಬಿಟ್ಟ. ಯಾರೂ ಅವಳೊಂದಿಗೆ ಕೊಟ್ಟು ತರುವ ಸಂಬಂಧ ಇಟ್ಟುಕೊಳ್ಳಲಿಲ್ಲ.

ಇಷ್ಟಾದರೂ ಊರಿನ ಒಣಮೆಣಸಿನಕಾಯಿ ಎಲ್ಲ ಇರುತ್ತಿದ್ದದ್ದು ಅವಳ ಮನೆಯಲ್ಲೇ. ಹಪ್ಪಳ, ಸಂಡಿಗೆ, ಉಪ್ಪಿನ ಗಡಿಗೆ, ಬಿತ್ತನೆಯ ಬೀಜ, ಮದುವೆಯ ರೇಷ್ಮೆ ಸೀರೆ, ಬೆಂಕಿಪೆಟ್ಟಿಗೆ ಸಹ. ತಮ್ಮ ತಮ್ಮ ಮನೆಯಲ್ಲಿಟ್ಟರೆ ವಾರದೊಳಗೆ ಮುಗ್ಗಲು ಹಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೆಣಸಿನಕಾಯಿ ಕೆಡುವ ಮನೆಯಲ್ಲಿ ಮಕ್ಕಳನ್ನು ಮಲಗಿಸಬಹುದೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಇಡೀ ಊರಿನಲ್ಲಿ ಕೇಳುವುದಕ್ಕೆ ಇದ್ದವನು ಒಬ್ಬನೇ, ಅವನು ಕೇಳುತ್ತಿದ್ದದ್ದೂ ಒಂದೇ ಪ್ರಶ್ನೆ.

ಒಂದು ಮಧ್ಯಾಹ್ನ ಸೊಸೆ ಸಂಡಿಗೆಯ ಡಬ್ಬ ಇಡಲು ಬಯಲುಮನೆಗೆ ಹೋದಳು. ಮಗು ಸೊಂಟದ ಮೇಲಿತ್ತು. ಡಬ್ಬಕ್ಕೆ ಜಾಗ ಮಾಡುವಷ್ಟರಲ್ಲಿ ಮಗು ಮೆಣಸಿನ ಚೀಲಗಳ ಪಕ್ಕದ ಕಂಬಳಿಯ ಮೇಲೆ ನಿದ್ದೆ ಹೋಯಿತು. ಕಿಟಕಿಯಿದ್ದ ಜಾಗದಿಂದ ಬಿಸಿಲು ಬಂದು ಅದರ ಕಾಲ ಮೇಲೆ ಬಿದ್ದಿತ್ತು.

ಸೊಸೆ ಅಭ್ಯಾಸದಂತೆ ಮಗುವಿನ ಪಕ್ಕೆ ನೋಡುತ್ತ ಕೂತಳು. ಏನೋ ಕಡಿಮೆಯಾಗಿದೆ ಎನಿಸಿತು. ಏನೆಂದು ತಿಳಿಯದೆ ಗಾಬರಿಯಾಗಿ ಮಗುವಿನ ಎದೆಗೆ ಕಿವಿಯಿಟ್ಟಳು. ಸದ್ದು ಸಣ್ಣದಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅದೂ ನಿಂತು, ಬರೀ ಉಸಿರು ಉಳಿಯಿತು.

“ಮಲಗಲಿ ಬಿಡಮ್ಮ,” ಎಂದಳು ಬಯಲುಮನೆಯವಳು. “ನನ್ನವೂ ಹೀಗೇ ಗೊರಗುಟ್ಟುತಿದ್ವು.”

“ಆಮೇಲೆ?”

“ಆಮೇಲೆ ಕಿಟಕಿ ಬಿತ್ತಲ್ಲ.”

“ಮತ್ತೆ ನಿಮ್ಮೋರು? ಗೋಡೇಲಿದ್ದೋರು?”

ಬಯಲುಮನೆಯವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇದ್ದಳು. “ಮೊದಮೊದಲು ತುಂಬಾ ಅಳ್ತಿದ್ದೆ,” ಎಂದಳು. “ಈಗಲೂ ದೀಪ ಹಚ್ಚೋ ಹೊತ್ತಿಗೆ, ಅವನು ಪಕ್ಕದ ಮನೇಲಿ ಕೇಳಿ ನನ್ನ ಮನೆ ದಾಟಿ ಹೋಗ್ತಾನಲ್ಲ, ಆಗ ಎದ್ದು ಆ ತೂತಿನ ಹತ್ರ ಹೋಗಿ ನಿಂತ್ಕೋತೀನಿ. ಯಾಕೆ ಸುಳ್ಳು ಹೇಳ್ಲಿ.”

ಮನೆಗೆ ಮರಳಿದ ಸಂಜೆಯೇ ಮಗುವಿನ ಎದೆಯಲ್ಲಿ ಬೆಕ್ಕಿನ ಮರಿ ಬಂದು ಕೂತಿತು. ಸೊಸೆಗೆ ಈಗ ಗೊತ್ತಾಗಿತ್ತು. ಗೊತ್ತಾದ ಮೇಲೆ ಅವಳ ಭಯ ಎರಡು ಪಟ್ಟಾಯಿತು. ಸುಮ್ಮನಿದ್ದರೆ ಮಗು ಹೋಗುತ್ತದೆ. ಕಿಟಕಿ ತೆರೆದರೆ ಗಂಡ ಹೋಗುತ್ತಾನೆ, ಈ ಸಲ ಪೂರ್ತಿಯಾಗಿ.

ಮಾರನೆಯ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಿದ್ದಾಗ ಸೊಸೆ ಹೇಳಿದಳು.

“ಅತ್ತೆ, ಕೋಣೆ ಕಿಟಕಿ ತೆಗೆಯೋಣ.”

“ಯಾವ ಕಿಟಕಿ?” ಎಂದಳು ಅತ್ತೆ. ಅದನ್ನು ಅವಳು ನಿಜಕ್ಕೂ ಮರೆತಿದ್ದಳು. ಬಹಳ ವರ್ಷಗಳಿಂದ ಅದು ಗೋಡೆಯೇ ಆಗಿತ್ತು.

“ಬಯಲುಮನೇಲಿ ಮಗು ಚೆನ್ನಾಗಿ ಉಸಿರಾಡ್ತು.”

“ಅವಳ ಮನೇಲಿ ಯಾರೂ ಇಲ್ಲ.”

“ಅದಕ್ಕೇ ಉಸಿರಾಡ್ತು ಅತ್ತೆ.”

ಅತ್ತೆ ತಲೆ ಒರೆಸುವುದನ್ನು ನಿಲ್ಲಿಸಿದಳು. “ನಿನಗೇನಮ್ಮ. ನಿನಗೆ ಇನ್ನೂ ವಯಸ್ಸಿದೆ, ಇನ್ನೊಬ್ಬ ಗಂಡ ಸಿಕ್ಕಾನು. ನನಗೆ ಇನ್ನೊಬ್ಬ ಮಗ ಎಲ್ಲಿಂದ ಬರಬೇಕು?”

ಸೊಸೆ ಕೋಣೆಗೆ ಹೋಗಿ ಕಿಟಕಿಯ ಸಂದಿಯ ಮಣ್ಣನ್ನು ಉಗುರಿನಿಂದ ಕೆರೆದಳು. ಮಣ್ಣು ಹಸಿಯಾಗಿತ್ತು, ಸುಲಭವಾಗಿ ಬಂತು. ಆದರೆ ಮರ ನೀರು ಕುಡಿದು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಎಳೆದಳು, ನೂಕಿದಳು, ಭುಜ ಕೊಟ್ಟಳು. ಅದು ಅಲುಗಲಿಲ್ಲ. ಹಿಂದೆ ತಿರುಗಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ.

“ಅವನು ಹೋಗ್ತಾನೆ ಕಣೇ,” ಎಂದಳು. “ನನ್ನ ಕಣ್ಣೆದುರಿಗೆ ಇನ್ನೊಂದ್ಸಲ ಹೋಗ್ತಾನೆ.”

ಸೊಸೆಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಕರುಣೆ ಬಂತು. ಆದರೆ ಆಗಲೇ ಮಗು ಎದ್ದು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಅದರ ತುಟಿ ನೇರಳೆಯಾಯಿತು. ಸೊಸೆ ಮಗುವನ್ನು ಎತ್ತಿ ನೇರವಾಗಿ ಅತ್ತೆಯ ತೋಳಿಗೆ ಹಾಕಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಮಗ ಸತ್ತ ಮೇಲೆ ಅತ್ತೆ ಈ ಮಗುವನ್ನು ಎದೆಗೆ ಅವಚಿಕೊಂಡಿದ್ದೇ ಇಲ್ಲ. ತಲೆ ಬಾಚುತ್ತಿದ್ದಳು, ಉಣ್ಣಿಸುತ್ತಿದ್ದಳು, ಕೈಹಿಡಿದು ನಡೆಸುತ್ತಿದ್ದಳು. ಅಪ್ಪಿಕೊಳ್ಳುವ ಹೊತ್ತಿಗೆ ಏನಾದರೂ ಕೆಲಸ ನೆನಪಾಗಿ ಎದ್ದುಹೋಗುತ್ತಿದ್ದಳು. ಸೊಸೆ ಅದನ್ನು ಕಂಡಿದ್ದಳು, ಯಾಕೆಂದು ಗೊತ್ತಿರಲಿಲ್ಲ.

“ಕಿವಿ ಇಟ್ಟು ಕೇಳಿ,” ಎಂದಳು ಸೊಸೆ. “ಒಂದು ಸಲ ಕೇಳಿ ಸಾಕು.”

ಅತ್ತೆ ಮಗುವಿನ ಎದೆಗೆ ಕಿವಿಯಿಟ್ಟಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು. ಕಿವಿ ತೆಗೆಯಲಿಲ್ಲ. ಹಾಗೇ ನೆಲಕ್ಕೆ ಕುಸಿದು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಇದು ಅವನದೇ,” ಎಂದಳು. “ಅವನೂ ಇಷ್ಟಿದ್ದಾಗ ಹೀಗೇ ಇತ್ತು. ಇದೇ ಸದ್ದು. ಅಪ್ಪ ಕರೀತಿದ್ದಾನೆ ಅಂದ್ರು. ನೀರು ಜಾಸ್ತಿ ಮಾಡು ಅಂದ್ರು. ಮಾಡಿದೆ. ದಿನಾ ಮಾಡಿದೆ ಕಣೇ, ಜ್ವರ ಬಂದ್ರೂ ತಪ್ಪಿಸಲಿಲ್ಲ. ಅವನು ಕೆಮ್ಮೋನು, ನಾನು ನೀರು ಒತ್ತೋಳು. ಈಗ ಕಿಟಕಿ ತೆಗೆದು, ಇವಳು ಸರಿಹೋಗಿಬಿಟ್ಟರೆ...”

ಅವಳು ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದನ್ನು ಹೇಳಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಸೊಸೆಗೆ ಆಗ ಅರ್ಥವಾಯಿತು. ಮಗು ಗುಣವಾಗದಿದ್ದರೆ ಎಂಬ ಭಯ ತನ್ನದು. ಗುಣವಾದರೆ ಎಂಬ ಭಯ ಅತ್ತೆಯದು. ಗುಣವಾದರೆ ತಿಪ್ಪೇಶನೂ ಬದುಕಬಹುದಿತ್ತು ಎಂದಾಗುತ್ತದೆ, ಮತ್ತು ಅದನ್ನು ಹೊತ್ತುಕೊಂಡು ಅತ್ತೆ ಉಳಿದ ದಿನಗಳನ್ನೆಲ್ಲ ಕಳೆಯಬೇಕಾಗುತ್ತದೆ.

ಆ ಸಂಜೆ ಅತ್ತೆ ಎರಡೂ ಹೆಸರು ಹೇಳಿದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಕೇಳುವವನು ಎರಡು ಸಲ ಕೇಳಬೇಕಾಯಿತು. ನೀರಿನ ಕೊಡ ತುಂಬಿದ್ದದ್ದು ಹಾಗೇ ಮೂಲೆಯಲ್ಲಿತ್ತು.

ಮಾರನೆಯ ದಿನ ಬಿಸಿಲೇರಿದ ಮೇಲೆ ಅತ್ತೆ ಹಿತ್ತಲಿನಿಂದ ಒನಕೆ ತಂದಳು.

“ಮಗೂನ ಹೊರಗೆ ಕರಕೊಂಡು ಹೋಗು,” ಎಂದಳು.

“ನಾನು ಹೊಡೀತೀನಿ ಅತ್ತೆ, ನಿಮ್ಮ ಕೈಲಾಗಲ್ಲ.”

“ಮುಚ್ಚಿದ್ದು ನಾನು,” ಎಂದಳು ಅತ್ತೆ.

ಒನಕೆಯ ಪೆಟ್ಟು ಊರಿಗೆಲ್ಲ ಕೇಳಿತು. ಜನ ಬೀದಿಗೆ ಬಂದರು. ಏನು ನಡೆಯುತ್ತಿದೆ ಎಂದು ತಿಳಿದ ಕೂಡಲೇ ಒಳಗೆ ಓಡಿ ತಮ್ಮ ಮುಚ್ಚಿದ ಕಿಟಕಿಗಳಿಗೆ ಇನ್ನಷ್ಟು ಮಣ್ಣು ಮೆತ್ತಿದರು. ಆ ಮನೆಯಿಂದ ಹೊರಬಿದ್ದವರು ಜಾಗ ಹುಡುಕುತ್ತ ನಮ್ಮಲ್ಲಿಗೆ ನುಗ್ಗಿದರೆ ಏನು ಗತಿ ಎಂದು ಅವರ ಯೋಚನೆ. ಸತ್ತವರ ಮೇಲೆ ಅಷ್ಟು ಪ್ರೀತಿಯಿದ್ದ ಊರಿನಲ್ಲಿ ಇನ್ನೊಬ್ಬರ ಮನೆಯ ಸತ್ತವರಿಗೆ ಒಂದು ಮೊಳ ಗೋಡೆ ಸಿಗುವಂತಿರಲಿಲ್ಲ.

ಉಬ್ಬಿದ ಮರ ಬಹಳ ಹೊತ್ತು ತಡೆಯಿತು. ಕೊನೆಗೆ ಒಡೆದು ಹೊರಗೆ ಬಿತ್ತು. ಬೆಳಕು ನೇರವಾಗಿ ಬಂದು ಎದುರಿನ ಗೋಡೆಯ ಮೇಲೆ ಬಿತ್ತು.

ಕಿಟಕಿ ಮುಚ್ಚಿದ ಮೇಲೆ ಆ ಗೋಡೆಯನ್ನು ಅವರಿಬ್ಬರೂ ದೀಪದಲ್ಲಿ ಬಿಟ್ಟು ಬೇರೆ ಬೆಳಕಿನಲ್ಲಿ ನೋಡಿರಲಿಲ್ಲ. ಹುಬ್ಬಿರಲಿಲ್ಲ. ಕಿವಿಯಿರಲಿಲ್ಲ. ಹಳೆಯ ಉಪ್ಪಿನಕಾಯಿಯ ಮೇಲೆ ಕಟ್ಟುವಂಥದ್ದು ನೆಲದಿಂದ ಮಾಡಿನವರೆಗೆ ಹಬ್ಬಿತ್ತು, ಅಷ್ಟೇ. ಅತ್ತೆ ಹತ್ತಿರ ಹೋಗಿ ಹುಬ್ಬೆಂದುಕೊಂಡಿದ್ದ ಜಾಗಕ್ಕೆ ಬೆರಳಿಟ್ಟಳು. ಬೆರಳಿಗೆ ಕಪ್ಪು ಹತ್ತಿತು. ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅತ್ತಳು. ಮಗ ಸತ್ತ ದಿನ ಅವಳು ಇಷ್ಟು ಅತ್ತಿರಲಿಲ್ಲ, ಆ ದಿನ ಅವನು ಬರುತ್ತಾನೆ ಎಂದು ಗೊತ್ತಿತ್ತಲ್ಲ.

ಅತ್ತು ಮುಗಿದ ಮೇಲೆ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಇಬ್ಬರೂ ಗೋಡೆ ಕೆರೆದರು, ಸುಣ್ಣ ಬಳಿದರು. ಮಗುವಿನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದರು. ಸಂಜೆಯ ಹೊತ್ತಿಗೆ ಕೋಣೆಯಲ್ಲಿ ಗಾಳಿಯಾಡುತ್ತಿತ್ತು. ಕಿಟಕಿಯ ಪಕ್ಕ ಮಗುವನ್ನು ಮಲಗಿಸಿ, ಸೊಸೆ ಒಲೆ ಹಚ್ಚಲು ಹೋದಳು. ಮಗುವಿನ ಎದೆಯಲ್ಲಿ ಇನ್ನೂ ಸದ್ದಿತ್ತು. ಅದು ಕಡಿಮೆಯಾಗುತ್ತಿದೆಯೋ ತಾನೇ ಹಾಗೆ ಅಂದುಕೊಳ್ಳುತ್ತಿದ್ದೇನೋ ಎಂದು ಸೊಸೆಗೆ ಗೊತ್ತಾಗುತ್ತಿರಲಿಲ್ಲ. ಊದುಕೊಳವೆ ಕೆಳಗಿಟ್ಟು ಕಿವಿಗೊಟ್ಟಳು.

ದೀಪ ಹಚ್ಚುವ ಹೊತ್ತಾಯಿತು. ಊರೆಲ್ಲ ಬಟ್ಟೆ ಹಿಂಡುವ ಸದ್ದು. ಅದರ ಹಿಂದೆ ಕೋಲಿನ ಸದ್ದು.

ಕೇಳುವವನು ಬಂದು ನಿಂತ. ತೆರೆದ ಕಿಟಕಿಯಲ್ಲಿ ಅತ್ತೆ ನಿಂತಿರುವುದನ್ನು ಕಂಡು, ಮುಂದೆ ಹೋಗಿಬಿಡೋಣ ಎಂದು ಒಂದು ಹೆಜ್ಜೆ ಇಟ್ಟ. ಆದರೆ ನಾಲಿಗೆಗೆ ರೂಢಿಯಾಗಿತ್ತು.

“ಮನೇಲಿ ಯಾರಿದ್ದಾರೆ?”

ಅತ್ತೆ ಹಿಂದೆ ತಿರುಗಿ ಹಾಸಿಗೆಯ ಕಡೆ ನೋಡಿದಳು.

“ದೇವೀರಿ ಇದ್ದಾಳೆ,” ಎಂದಳು.

ಕೇಳುವವನ ಕೋಲು ಕೈಯಿಂದ ಜಾರಿತು. “ಅಯ್ಯೋ ತಾಯಿ,” ಎಂದ. “ಮಗು ಯಾವಾಗ ಹೋಯ್ತು?”

ಒಲೆಯ ಮುಂದೆ ಸೊಸೆಗೆ ಎರಡೂ ಕೇಳಿಸಿತು. ತಾನು ಎಂದೂ ಕೇಳಿರದ ಒಂದು ಹೆಣ್ಣಿನ ಹೆಸರು. ಆ ಮನೆಯಲ್ಲಿ ಹೆಸರು ಹೇಳಿದರೆ ಅದರ ಅರ್ಥ ಒಂದೇ. ಗೋಡೆ ಹಿಡಿದುಕೊಂಡು, ಹಸಿ ಸುಣ್ಣವನ್ನೆಲ್ಲ ಕೈಗೆ ಬಳಿದುಕೊಂಡು ಕೋಣೆಗೆ ಬಂದು ಬಿದ್ದಳು. ಮಗುವಿನ ಎದೆಯ ಮೇಲೆ ಕೈಯಿಟ್ಟಳು. ಎದೆ ಇಳಿಯಿತು. ಸೊಸೆ ಕಾದಳು. ಎದೆ ಎದ್ದಿತು.

“ಹೋಗಿಲ್ಲ,” ಎಂದು ಅತ್ತೆ ಕಿಟಕಿಯಲ್ಲಿ ಹೇಳುತ್ತಿದ್ದಳು. “ಇದ್ದಾಳೆ ಅಂದೆನಲ್ಲ. ದೇವೀರಿ ಇದ್ದಾಳೆ. ನನ್ನ ಮೊಮ್ಮಗಳು. ಒಳಗೆ ಮಲಗಿದ್ದಾಳೆ.”

ಕೇಳುವವನು ಏನೋ ಹೇಳಲು ಬಾಯಿ ತೆರೆದ. ಹೆಸರು ಕೇಳಿದ ಮೇಲೆ ಹೇಳುವ ಆ ಮಾತನ್ನು ಉಸಿರಾಡುವವರಿಗೂ ಹೇಳಬಹುದೋ ಬಾರದೋ ಅವನ ಅಪ್ಪ ಅವನಿಗೆ ಹೇಳಿಕೊಟ್ಟಿರಲಿಲ್ಲ. ಕೋಲು ಎತ್ತಿಕೊಂಡು, ಏನೂ ಹೇಳದೆ, ಮುಂದಿನ ಮನೆಯನ್ನೂ ಕೇಳುವುದು ಮರೆತು ನಡೆದುಹೋದ. ಅತ್ತೆ ಅವನ ಕೋಲಿನ ಸದ್ದು ನಿಲ್ಲುವವರೆಗೂ ಕಿಟಕಿಯಲ್ಲೇ ನಿಂತಿದ್ದಳು, ಆ ಮಾತು ಬಂದೀತು ಎಂದು.

ಸೊಸೆ ನೆಲದ ಮೇಲೆ ಕೂತು ಬಾಯೊಳಗೇ ದೇವೀರಿ, ದೇವೀರಿ ಎಂದುಕೊಳ್ಳುತ್ತಿದ್ದಳು. ಕರೆಯಲು ಕೊಟ್ಟಿದ್ದಾರೆ ಎಂದು ನಂಬಿಕೆ ಬರಲು ಅವಳಿಗೆ ಅಷ್ಟು ಸಲ ಬೇಕಾಯಿತು. ಆ ಸದ್ದಿಗೆ ಮಗು ಕಣ್ಣು ಬಿಟ್ಟಿತು.

“ಅಜ್ಜಿ, ದೇವೀರಿ ಅಂದ್ರೆ ಯಾರು?”

ಅತ್ತೆ ಬಂದು ಹಾಸಿಗೆಯ ಪಕ್ಕ ಕೂತು, ಮಗುವನ್ನು ಎತ್ತಿ ಎದೆಗೆ ಅವಚಿಕೊಂಡಳು. “ನೀನೇ ಕಣೇ,” ಎಂದಳು.

ಮಗು ಯೋಚಿಸಿತು. ಹುಟ್ಟಿದಂದಿನಿಂದ ದಿನವೂ ಸಂಜೆ ಆ ಗೋಡೆಯ ಬುಡದಲ್ಲಿ ಮಲಗಿ ಕೇಳಿಸಿಕೊಂಡಿದ್ದ ಮಗು ಅದು. ಹೆಸರು ಹೇಳಿದ ಮೇಲೆ ಏನು ಬರಬೇಕು ಎಂದು ಅದಕ್ಕೆ ಗೊತ್ತಿತ್ತು. ಕೇಳುವವನ ಹಾಗೆ ದನಿ ದಪ್ಪ ಮಾಡಿಕೊಂಡು, “ಇರಲಿ,” ಎಂದಿತು.

ಕಿಟಕಿ ತೆರೆದಿದ್ದರಿಂದ ಅದು ಬೀದಿಗೂ ಕೇಳಿಸಿತು.